ಹೊಟ್ಟೆ ನೋಡಿ ಕಾರು ಆರಿಸಿ: ಮಾದರಿ ಕೆತ್ತುವವರಿಗೆ ನಾಲ್ಕು ಗ್ರೂಪ್ ಸಿ ಕಾರುಗಳು

ನನ್ನ ಟಿಂಕರಿಂಗ್ ಶೆಡ್ಡಿನ ಹಿಂದೆ ಪಾಲೆ ಮರದ ಒಂದು ದಿಮ್ಮಿ ಒಣಗುತ್ತಿದೆ. ಆಟಿ ಅಮಾವಾಸ್ಯೆಯಂದು ಕೆತ್ತೆ ತಂದು ಕಷಾಯ ಕುಡಿಯುತ್ತೇವಲ್ಲ, ಅದೇ ಮರ. ಮಳೆಗಾಲದ ಗಾಳಿಗೆ ತೋಟದ ಬದಿಯಲ್ಲಿ ಉರುಳಿದ್ದನ್ನು ಒಲೆಯ ಪಾಲಾಗದಂತೆ ತಡೆದು ತಂದದ್ದು. ಹಗುರ, ಮೆದು, ಉಳಿ ಹೇಳಿದಂತೆ ಕೇಳುತ್ತದೆ. ಅದರಿಂದ ಯಾವ ಕಾರು ಕೆತ್ತಬೇಕೆಂದು ನನಗೂ ಅಕ್ಕನ ಮಗಳಿಗೂ ಒಂದು ತಿಂಗಳಿನಿಂದ ಜಟಾಪಟಿ ನಡೆದಿದೆ. ಅವಳು ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿ. ಶಾಸ್ತ್ರೋತ್ಸವಕ್ಕೆ, ಅಂದರೆ ಶಾಲೆಗಳ ವಿಜ್ಞಾನ ಮೇಳಕ್ಕೆ, ವರ್ಕಿಂಗ್ ಮಾಡೆಲ್ ಆಗಬೇಕು, ಅದು ರೇಸ್ ಕಾರೇ ಆಗಬೇಕು, ಅದರಲ್ಲೂ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟ ಗೆದ್ದದ್ದೇ ಆಗಬೇಕು ಎಂಬುದು ಅವಳ ಹಟ. ನನ್ನ ಹಟ ಒಂದೇ: ಕಾರನ್ನು ಮಗುಚಿ, ಹೊಟ್ಟೆ ನೋಡಿ ಆರಿಸಬೇಕು.

ಜಗಳದಲ್ಲಿ ಸೋಸಿ ಉಳಿದದ್ದು ನಾಲ್ಕು, ಎಲ್ಲವೂ ಗ್ರೂಪ್ ಸಿ ಎಂಬ ರೇಸ್ ನಿಯಮಕ್ಕೆ ಕಟ್ಟಿದವು: ಪೋರ್ಷೆ 956, ಜಾಗ್ವಾರ್ ಎಕ್ಸ್‌ಜೆಆರ್-9, ಸೌಬರ್-ಮರ್ಸಿಡಿಸ್ ಸಿ9, ಮಾಜ್ದಾ 787ಬಿ. ಹಳೆಯ ಪೋರ್ಷೆ 917 ಚೆಂದವೇನೋ ಹೌದು, ಆದರೆ ಅದು ಹೊಟ್ಟೆಯ ಮಹಿಮೆ ತಿಳಿಯುವ ಮುಂಚಿನ ಕಾಲದ್ದು. ಲಾನ್ಸಿಯಾ ಎಲ್‌ಸಿ2 ವೇಗದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಲೆ ಮಾನ್ಸ್ ಗೆಲ್ಲಲಿಲ್ಲ, ಹಾಗಾಗಿ ಹುಡುಗಿಯ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಈಗಿನ ಹೈಪರ್‌ಕಾರುಗಳಲ್ಲಿ ಬ್ಯಾಟರಿ, ಮೋಟಾರು, ರೆಕ್ಕೆಯೊಳಗೆ ರೆಕ್ಕೆ. ಮರದಲ್ಲಿ ಕೆತ್ತುವಷ್ಟರಲ್ಲಿ ಅವಳು ಕಾಲೇಜಿಗೆ ಸೇರಿರುತ್ತಾಳೆ.

ಸುರಂಗದ ಮಾತು

ಹೊಟ್ಟೆ ಎಂದೆನಲ್ಲ, ಅದನ್ನು ನಮ್ಮ ಊರಿನವರಿಗೆ ವಿವರಿಸುವುದು ಸುಲಭ. ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲು ಕೊರೆದು, ಅಡ್ಡಕ್ಕೆ ಕೋಲುಗಟ್ಟಲೆ ಒಳಹೊಕ್ಕು ನೀರು ತರುವ ಸುರಂಗ ಯಾರಿಗೆ ಗೊತ್ತಿಲ್ಲ? ಈ ಕಾರುಗಳ ಅಡಿಯಲ್ಲಿಯೂ ಅಂಥ ಎರಡು ಸುರಂಗಗಳಿವೆ, ಎಡಕ್ಕೊಂದು, ಬಲಕ್ಕೊಂದು. ನಮ್ಮದರಲ್ಲಿ ನೀರು, ಅದರಲ್ಲಿ ಗಾಳಿ. ತೋಡಿಗೆ ಕಟ್ಟ ಹಾಕುವಾಗ ಕೊನೆಗೆ ಉಳಿಯುವ ಸಣ್ಣ ಬಾಯಿಯಲ್ಲಿ ನೀರು ಹೇಗೆ ನುಗ್ಗುತ್ತದೆಯೋ, ಹಾಗೆಯೇ ಕಾರಿನ ತಳಕ್ಕೂ ನೆಲಕ್ಕೂ ನಡುವಿನ ಇರುಕಿನಲ್ಲಿ ಗಾಳಿ ನುಗ್ಗುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ. ಮೇಲಿನ ಗಾಳಿ ಕಾರನ್ನು ನೆಲಕ್ಕೆ ಅದುಮುತ್ತದೆ. ಸುರಂಗ ಹಿಂದಕ್ಕೆ ಹೋದಂತೆ ಮೆಲ್ಲಗೆ ಮೇಲೆದ್ದು ಅಗಲವಾಗಬೇಕು. ಇಲ್ಲವಾದರೆ ನುಗ್ಗಿದ ಗಾಳಿ ಸರಾಗವಾಗಿ ಹೊರಬೀಳದೆ ಸುಳಿಗಟ್ಟುತ್ತದೆ. ಇದಕ್ಕೇ ಗ್ರೌಂಡ್ ಎಫೆಕ್ಟ್ ಎನ್ನುವುದು. ಸ್ಟಟ್‌ಗಾರ್ಟ್‌ನ ಪೋರ್ಷೆ ಮ್ಯೂಸಿಯಂನಲ್ಲಿ ಒಂದು 956 ಅನ್ನು ಚಾವಣಿಗೆ ತಲೆಕೆಳಗಾಗಿ ಕೂರಿಸಿದ್ದಾರೆ. ಗಂಟೆಗೆ 321.4 ಕಿಲೋಮೀಟರ್ ವೇಗದಲ್ಲಿ ಹೋದರೆ ಅದು ಚಾವಣಿಯನ್ನೇ ಹಿಡಿದುಕೊಂಡು ಓಡಬಲ್ಲದು ಎಂಬ ಲೆಕ್ಕ ತೋರಿಸಲು.

ಇದನ್ನು ಮಾದರಿಯಲ್ಲಿ ತೋರಿಸಲು ಹೊರಟು ನಾನು ಮೊದಲು ಪೆಚ್ಚಾದೆ. ಥರ್ಮಾಕೋಲಿನಲ್ಲಿ ಸುರಂಗವಿರುವ ಒಂದು ಒರಟು ಕಾರು ಕತ್ತರಿಸಿ, ಮನೆಯಲ್ಲಿ ಕರಿಮೆಣಸು ತೂಗುವ ಮುಳ್ಳಿನ ತಕ್ಕಡಿಯ ತಟ್ಟೆಯ ಮೇಲಿಟ್ಟು, ಮುಂದಿನಿಂದ ಶೆಡ್ಡಿನ ಬ್ಲೋವರ್ ಹಿಡಿದೆ. ಕಾರಿನ ಭಾರ ಏರಬೇಕಿತ್ತು. ಮುಳ್ಳು ಮಿಸುಕಲಿಲ್ಲ. ಅರ್ಧ ದಿನ ಬ್ಲೋವರನ್ನು ಬೈದೆ. ಆಮೇಲೆ ಹುಡುಗಿಯೇ ಹೇಳಿದಳು: "ಮಾವ, ಕಾರು ಎಳೆಯುತ್ತಿರುವುದು ತಟ್ಟೆಯನ್ನು. ತಟ್ಟೆಯೂ ತಕ್ಕಡಿಯದ್ದೇ ಅಲ್ಲವೇ? ನಾವು ಕುಳಿತ ಚಾಪೆಯನ್ನು ನಾವೇ ಎತ್ತಿದ ಹಾಗಾಯಿತು." ನಿಜ. ತಕ್ಕಡಿಯ ಮಟ್ಟಿಗೆ ಅದು ಒಳಜಗಳ. ಪ್ಲೈವುಡ್ಡಿನಲ್ಲಿ ಬೇರೆಯೇ ಒಂದು ನೆಲ ಮಾಡಿ, ತಕ್ಕಡಿಗೆ ತಾಗದಂತೆ ಮೇಜಿಗೆ ಬಿಗಿದು, ಅದರಲ್ಲಿ ನಾಲ್ಕು ತೂತು ಕೊರೆದೆವು. ತಕ್ಕಡಿಯಿಂದ ಎದ್ದ ನಾಲ್ಕು ಕಡ್ಡಿಗಳು ಆ ತೂತುಗಳ ಮೂಲಕ ಬಂದು ಚಕ್ರಗಳನ್ನು ಹೊತ್ತವು. ಈ ಸಲ ಬ್ಲೋವರ್ ಹಾಕಿದೊಡನೆ ಮುಳ್ಳು ಬಾಗಿತು. ಅಡಿಕೆ ಹಾಳೆಯ ಪಟ್ಟಿ ಸೀಳಿ ಕಾರಿನ ಎರಡೂ ಅಂಚಿಗೆ ನೆಲ ಸವರುವಂತೆ ಅಂಟಿಸಿದಾಗ ಇನ್ನಷ್ಟು ಬಾಗಿತು. ಬದಿಯಿಂದ ಗಾಳಿ ಒಳನುಸುಳುವುದು ನಿಂತಿತಲ್ಲ. ಅಸಲಿ ಗ್ರೂಪ್ ಸಿ ಕಾರಿಗೆ ಹೀಗೆ ಜಾರುವ ಅಂಚು ಕಟ್ಟಲು ನಿಯಮ ಬಿಡುತ್ತಿರಲಿಲ್ಲ. ನಾವು ಅದನ್ನು ಕಳಚಿ ಹಾಕಬಹುದಾದ ಹಾಗೆ ಮಾಡಿದ್ದೇವೆ, ತೀರ್ಪುಗಾರರಿಗೆ ಎರಡನ್ನೂ ತೋರಿಸಲು.

ಒಂದೇ ನಿಯಮದ ಮಕ್ಕಳು

ನಾಲ್ಕೂ ಕಾರುಗಳು ಹುಟ್ಟಿದ್ದು 1982ರಲ್ಲಿ ಜಾರಿಗೆ ಬಂದ ಗ್ರೂಪ್ ಸಿ ನಿಯಮದ ಅಡಿಯಲ್ಲಿ. ನನಗೆ ಆ ನಿಯಮ ಇಷ್ಟವಾಗುವುದು ಅದರ ಜಿಪುಣತನಕ್ಕೆ. ಎಂಜಿನ್ ಎಷ್ಟು ದೊಡ್ಡದಿರಲಿ, ಅದಕ್ಕೆ ಹೆಚ್ಚು ಗಾಳಿ ಒತ್ತಿ ತುಂಬುವ ಟರ್ಬೊ ಇರಲಿ ಬಿಡಲಿ, ಕೇಳುವುದಿಲ್ಲ. ಪೆಟ್ರೋಲು ಮಾತ್ರ ಅಳೆದು ಕೊಡುತ್ತೇವೆ ಎಂದಿತು. ಟ್ಯಾಂಕಿನಲ್ಲಿ 100 ಲೀಟರ್, 1000 ಕಿಲೋಮೀಟರ್ ಓಟಕ್ಕೆ ಒಟ್ಟು 600 ಲೀಟರ್. 1985ರಲ್ಲಿ ಅದನ್ನೂ 510ಕ್ಕೆ ಇಳಿಸಿದರು. ಲೀಟರಿಗೆ ಎರಡು ಕಿಲೋಮೀಟರ್ ಕೂಡ ಓಡದ ಕಾರಿಗೆ ಉಳಿತಾಯದ ಪಾಠವೇ ಎಂದು ನಗಬೇಡಿ. ಎಲ್ಲರಿಗೂ ಅಳತೆಯ ಪೆಟ್ರೋಲು ಎಂದಾದಾಗ, ಪುಕ್ಕಟೆಯಾಗಿ ಸಿಗುವ ಗಾಳಿಯನ್ನು ಯಾರು ಚೆನ್ನಾಗಿ ದುಡಿಸುತ್ತಾರೆ ಎಂಬಲ್ಲಿಗೇ ಪೈಪೋಟಿ ಬಂದು ನಿಂತಿತು.

ಮಾದರಿ ಮಾಡುವವರಿಗೆ ಈ ನಿಯಮದಿಂದ ಎರಡು ಅನುಕೂಲ. ಉದ್ದ 4.8 ಮೀಟರ್ ಮೀರಬಾರದು, ಅಗಲ 2 ಮೀಟರ್ ಮೀರಬಾರದು ಎಂದಿದ್ದರಿಂದ ಹತ್ತರಲ್ಲಿ ಒಂದು ಪಾಲಿನ ಮಾದರಿಗೆ ಮರದ ತುಂಡಿನ ಅಳತೆ ಸಿಕ್ಕಿಯೇಬಿಟ್ಟಿತು. ಮತ್ತೆ, ಮುಂದಿನ ಚಕ್ರಗಳ ಹಿಂದೆ ತಳದಲ್ಲಿ 100 ಸೆಂಟಿಮೀಟರ್‌ಗೆ 80 ಸೆಂಟಿಮೀಟರ್‌ನಷ್ಟು ಜಾಗ ಚಪ್ಪಟೆ ಇರಲೇಬೇಕಿತ್ತು. ಅಂದರೆ ನಮ್ಮ ಮಾದರಿಯಲ್ಲಿ 10ಕ್ಕೆ 8 ಸೆಂಟಿಮೀಟರ್ ಬಿಟ್ಟು, ಅದರ ಹಿಂದಿನಿಂದ ಸುರಂಗ ಏರಿಸಿದರೆ ಸರಿ.

ಪೋರ್ಷೆ 956: ಹೊಟ್ಟೆಗಾಗಿ ಎಂಜಿನನ್ನೇ ಓರೆ ಮಾಡಿದವರು

ಪೋರ್ಷೆಯ ಎಂಜಿನಿಯರ್ ನೊರ್ಬರ್ಟ್ ಸಿಂಗರ್ ಅವರ ತಂಡದ ಮುಂದಿದ್ದ ಕಷ್ಟ ನೋಡಿ. ಪೋರ್ಷೆಯ ಆರು ಸಿಲಿಂಡರ್ ಎಂಜಿನ್ ಚಪ್ಪಟೆ ಜಾತಿಯದು. ಮೂರು ಸಿಲಿಂಡರ್ ಎಡಕ್ಕೆ, ಮೂರು ಬಲಕ್ಕೆ ಕೈಚಾಚಿ ಮಲಗಿರುತ್ತವೆ. ಭಾರ ಕೆಳಗಿರುವುದಕ್ಕೆ ಅದು ಒಳ್ಳೆಯದು. ಆದರೆ ಸುರಂಗ ಮೇಲೇಳಬೇಕಾದ ಜಾಗದಲ್ಲೇ ಸಿಲಿಂಡರ್‌ಗಳು ಅಡ್ಡ ಮಲಗಿದ್ದರೆ ಗಾಳಿ ಹೋಗುವುದೆಲ್ಲಿ? ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಹಿಂಭಾಗ ಎತ್ತರಕ್ಕೆ ಬರುವಂತೆ ಸ್ವಲ್ಪ ಓರೆಯಾಗಿ ಕೂರಿಸಿ ಆ ಜಾಗ ಹೊಂದಿಸಿದರು. ಇಡೀ ಕಾರಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯ ಸಂಗತಿ ಇದು. ಶೆಡ್ಡಿನಲ್ಲಿ ಏನೋ ಒಂದು ಅಡ್ಡ ಬಂದಾಗ ಇನ್ನೊಂದನ್ನು ಓರೆ ಮಾಡಿ ಕೂರಿಸಿದ ಅನುಭವ ಇರುವವರಿಗೆಲ್ಲ ಈ ಖುಷಿ ಅರ್ಥವಾಗುತ್ತದೆ.

ಎಂಜಿನ್ 2.65 ಲೀಟರ್, ಎರಡು ಟರ್ಬೊ, 600ಕ್ಕೂ ಮಿಕ್ಕಿ ಅಶ್ವಶಕ್ತಿ. ಸಿಲಿಂಡರ್‌ಗೆ ಗಾಳಿಯ ತಂಪು, ತಲೆಗೆ ನೀರಿನ ತಂಪು. ದೇಹದ ಗೂಡು ಅಲ್ಯೂಮಿನಿಯಂ ತಗಡಿನದು. ಪೈಪು ಬೆಸೆದ ಚೌಕಟ್ಟು ಬಿಟ್ಟು ಪೋರ್ಷೆ ಮೊದಲ ಬಾರಿಗೆ ತಗಡಿನ ಗೂಡಿಗೆ ಬಂದದ್ದು ಈ ಕಾರಿನಲ್ಲೇ. 1982ರ ಲೆ ಮಾನ್ಸ್‌ನಲ್ಲಿ 1, 2, 3 ಎಂಬ ಅಂಕೆ ಬರೆದ ಮೂರು 956ಗಳು ಹೊರಟು, ಅದೇ ಕ್ರಮದಲ್ಲಿ 1, 2, 3ನೆಯ ಸ್ಥಾನ ಪಡೆದವು. ಗೆದ್ದದ್ದು ಜಾಕಿ ಇಕ್ಸ್ ಮತ್ತು ಡೆರೆಕ್ ಬೆಲ್. ಮರುವರ್ಷ ಮೊದಲ ಹತ್ತರಲ್ಲಿ ಒಂಬತ್ತು 956. ಒಂಬತ್ತನೆಯ ಸ್ಥಾನಕ್ಕೆ ಮಾತ್ರ ಸೌಬರ್ ಎಂಬ ಸಣ್ಣ ಸ್ವಿಸ್ ತಂಡದ ಕಾರು ನುಗ್ಗಿತ್ತು. ಪೋರ್ಷೆಯವರು ಆ ಪಟ್ಟಿಯನ್ನೇ ಪೋಸ್ಟರ್ ಮಾಡಿ, ಯಾರೂ ಪರಿಪೂರ್ಣರಲ್ಲ ಎಂದು ಕೆಳಗೆ ಬರೆದು ಹಂಚಿದರು. ಆ ಸೌಬರ್ ಮುಂದೆ ಏನಾಯಿತು ಎಂಬುದು ಸ್ವಲ್ಪ ಕೆಳಗೆ ಬರುತ್ತದೆ.

1983ರಲ್ಲಿ ಸ್ಟೆಫಾನ್ ಬೆಲ್ಲೋಫ್ ಇದೇ ಕಾರಿನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ ಹಳೆಯ ಉದ್ದದ ದಾರಿಯನ್ನು 6 ನಿಮಿಷ 11.13 ಸೆಕೆಂಡಿನಲ್ಲಿ ಸುತ್ತಿದ. 2018ರವರೆಗೆ ಅದನ್ನು ಯಾರೂ ಮುಟ್ಟಲಿಲ್ಲ. ಬೆಲ್ಲೋಫ್ ಅಷ್ಟು ದಿನ ಬದುಕಲಿಲ್ಲ. 1985ರಲ್ಲಿ ಬೆಲ್ಜಿಯಂನ ಸ್ಪಾ ರೇಸ್ ದಾರಿಯಲ್ಲಿ ಮತ್ತೊಂದು 956 ಓಡಿಸುತ್ತಿರುವಾಗಲೇ ತೀರಿಕೊಂಡ. ಈ ಕಾರಿನಲ್ಲಿ ಚಾಲಕನ ಪಾದಗಳು ಮುಂದಿನ ಚಕ್ರಗಳ ಅಚ್ಚಿಗಿಂತಲೂ ಮುಂದೆ ಇರುತ್ತಿದ್ದವು. ಅಮೆರಿಕದ ಓಟಗಳಲ್ಲಿ ಅದನ್ನು ಒಪ್ಪಲಿಲ್ಲ. ಮುಂದಿನ ಅಚ್ಚನ್ನು 12 ಸೆಂಟಿಮೀಟರ್ ಮುಂದಕ್ಕೆ ತಳ್ಳಿ ಮಾಡಿದ ತಮ್ಮನೇ 962. 1986 ಮತ್ತು 87ರ ಲೆ ಮಾನ್ಸ್ ಗೆದ್ದದ್ದು ಅದು. ಮಾದರಿ ಕೆತ್ತುವಾಗ ಈ ಎರಡನ್ನು ಬೆರೆಸಬೇಡಿ: ಹತ್ತರಲ್ಲಿ ಒಂದು ಪಾಲಿಗೆ 956ರ ಅಚ್ಚುಗಳ ಅಂತರ 26.5 ಸೆಂಟಿಮೀಟರ್, 962ರದ್ದು 27.7.

ಕೆತ್ತನೆಗೆ ಕಷ್ಟದ ಭಾಗ ಒಂದಿದೆ. ಮೂಗಿನ ಅಡಿಯಲ್ಲಿ ಒಳಕ್ಕೆ ಒಂದು ಡೊಗರು ಬರುತ್ತದೆ, ಸಿಂಗರ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅಲ್ಲಿ ಮರ ತೆಳುವಾಗಿ ಎಳೆಗುಂಟ ಸೀಳುತ್ತದೆ. ಆ ತುಂಡನ್ನು ಬೇರೆಯಾಗಿ ಕೆತ್ತಿ ಅಂಟಿಸಿ, ಪುಟ್ಟಿ ಹಾಕಿ ಉಜ್ಜಿ.

ಜಾಗ್ವಾರ್ ಎಕ್ಸ್‌ಜೆಆರ್-9: ದೊಡ್ಡ ಎಂಜಿನ್, ದೊಡ್ಡ ಸುರಂಗ

ಟೋನಿ ಸೌತ್‌ಗೇಟ್ ರೂಪಿಸಿ, ಟಾಮ್ ವಾಕಿನ್‌ಶಾ ಅವರ ತಂಡ ಓಡಿಸಿದ ಕಾರು. ಇಲ್ಲಿ ಟರ್ಬೊ ಇಲ್ಲ. 7 ಲೀಟರಿನ, ವಿ ಆಕಾರದ 12 ಸಿಲಿಂಡರ್ ಎಂಜಿನ್, ಅದೂ ಜಾಗ್ವಾರ್‌ನ ರಸ್ತೆ ಕಾರಿನ ಎಂಜಿನ್ನಿನ ವಂಶದ್ದು. ಉದ್ದ, ಭಾರ, ಎತ್ತರ. ಆದರೆ ವಿ ಅಕ್ಷರ ಬುಡದಲ್ಲಿ ಸಪೂರವಲ್ಲವೇ? ಎರಡೂ ಪಕ್ಕದಲ್ಲಿ ಸುರಂಗಕ್ಕೆ ಧಾರಾಳ ಜಾಗ ಸಿಕ್ಕಿತು. ಪೋರ್ಷೆಯವರು ಓರೆ ಮಾಡಿ ಗಳಿಸಿದ್ದನ್ನು ಇವರು ಎಂಜಿನ್ನಿನ ಆಕಾರದಿಂದಲೇ ಪಡೆದರು. ಹಿಂದಿನ ಚಕ್ರಗಳನ್ನೂ ಹೊರಗಿನಿಂದ ಮುಚ್ಚಿದರು, ಗಾಳಿ ತಡವರಿಸದಂತೆ. ಗೂಡು ಕಾರ್ಬನ್ ಫೈಬರ್ ಮತ್ತು ಕೆವ್ಲಾರ್‌ನದು.

1988ರ ಲೆ ಮಾನ್ಸ್‌ನಲ್ಲಿ ಯಾನ್ ಲಾಮರ್ಸ್, ಜಾನಿ ಡಂಫ್ರೀಸ್, ಆ್ಯಂಡಿ ವಾಲೆಸ್ 394 ಸುತ್ತು ಹೊಡೆದರು, 5,332.79 ಕಿಲೋಮೀಟರ್. ಅಲ್ಲಿಯ ಒಂದು ಸುತ್ತು ಹೆಚ್ಚುಕಡಿಮೆ ಕುಂಬಳೆಯಿಂದ ಕಾಸರಗೋಡು ಪೇಟೆಗೆ ಬಂದಷ್ಟು. ಕೊನೆಗೆ ಗೇರ್‌ಬಾಕ್ಸ್ ಒಳಗೆ ಮುರಿದಾಗ, ಗೇರ್ ಬದಲಿಸಿದರೆ ಕೆಟ್ಟೆ ಎಂದು ಲಾಮರ್ಸ್ ನಾಲ್ಕನೆಯ ಗೇರಿನಲ್ಲೇ ಕಾರನ್ನು ಓಡಿಸಿ ಮುಗಿಸಿದ. ಕ್ಲಚ್ ಕೇಬಲ್ ತುಂಡಾದ ಜೀಪನ್ನು ಮುಳ್ಳೇರಿಯದಿಂದ ಒಂದೇ ಗೇರಿನಲ್ಲಿ ತಂದವರಿಗೆ ಆ ಬೆವರು ಗೊತ್ತು. 1981ರಿಂದ ಸತತ ಏಳು ವರ್ಷ ಗೆದ್ದ ಪೋರ್ಷೆಯ ಸರಪಳಿ ಅಲ್ಲಿಗೆ ಕಡಿಯಿತು. ಜಾಗ್ವಾರ್‌ಗೆ ಅದು 1957ರ ನಂತರದ ಮೊದಲ ಲೆ ಮಾನ್ಸ್ ಗೆಲುವು.

ಕೆತ್ತುವವರಿಗೆ: ಹಿಂದಿನ ಚಕ್ರಗಳು ಮುಚ್ಚಿರುವುದರಿಂದ ಬದಿಯ ಕೆಲಸ ಅರ್ಧ ಉಳಿಯಿತು. ಸುರಂಗ ಆಳವಾದ್ದರಿಂದ ಮಾಡು ತೆಳುವಾಗುತ್ತದೆ. ಉಳಿ ಬಿಟ್ಟು ಅರ ಹಿಡಿಯಿರಿ.

ಸೌಬರ್-ಮರ್ಸಿಡಿಸ್ ಸಿ9: ಸಣ್ಣ ಶೆಡ್ಡಿನವರ ದೊಡ್ಡ ಕಾರು

ಇದರ ಬಗ್ಗೆ ನನಗೆ ಪಕ್ಷಪಾತವಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಪೀಟರ್ ಸೌಬರ್ ಮೊದಲ ಕಾರು ಕಟ್ಟಿದ್ದು ಅಪ್ಪ ಅಮ್ಮನ ಮನೆಯ ನೆಲಮಾಳಿಗೆಯಲ್ಲಿ. ಹೆಂಡತಿ ಕ್ರಿಸ್ಟಿಯಾನೆಯ ಹೆಸರಿನ ಮೊದಲಕ್ಷರ ಸಿ ಕಾರಿಗೆ ಬಂತು. 1983ರಲ್ಲಿ ಒಂಬತ್ತನೆಯದಾಗಿ ಬಂದ ಆ ಸ್ವಿಸ್ ಕಾರು ಇವರದ್ದೇ. ಆಮೇಲೆ ಮರ್ಸಿಡಿಸ್ ಎಂಟು ಸಿಲಿಂಡರಿನ 5 ಲೀಟರ್ ಟರ್ಬೊ ಎಂಜಿನ್ ಕೊಟ್ಟಿತು. ವಿನ್ಯಾಸ ಲಿಯೋ ರೆಸ್ ಅವರದ್ದು. 1988ರಲ್ಲಿ ಲೆ ಮಾನ್ಸ್‌ಗೆ ಹೋಗಿ, ಅಭ್ಯಾಸದಲ್ಲಿ ಮಹಾವೇಗದಲ್ಲಿ ಟಯರ್ ಕೈಕೊಟ್ಟಿದ್ದರಿಂದ ಓಟಕ್ಕೇ ಇಳಿಯದೆ ಮರಳಿದರು. ಮರುವರ್ಷ ಬೆಳ್ಳಿಯ ಬಣ್ಣ ಬಳಿದುಕೊಂಡು ಬಂದು ಮೊದಲ, ಎರಡನೆಯ, ಐದನೆಯ ಸ್ಥಾನ ಕಿತ್ತುಕೊಂಡರು. ಗೆದ್ದ ಕಾರಿನಲ್ಲಿದ್ದವರು ಯೋಖೆನ್ ಮಾಸ್, ಮಾನುಯೆಲ್ ರಾಯ್ಟರ್, ಸ್ಟ್ಯಾನ್ಲಿ ಡಿಕೆನ್ಸ್. ಆ ವರ್ಷದ ವಿಶ್ವ ಸರಣಿಯ ಎಂಟು ಓಟಗಳಲ್ಲಿ ಏಳು ಇವರ ಪಾಲು.

ಲೆ ಮಾನ್ಸ್‌ನ ನೇರ ದಾರಿಯಲ್ಲಿ ಈ ಕಾರು ಗಂಟೆಗೆ 400 ಕಿಲೋಮೀಟರ್ ಮುಟ್ಟಿತು. ಹಿಂದಿನ ವರ್ಷ ಡಬ್ಲ್ಯೂಎಂ ಎಂಬ ಪುಟ್ಟ ಫ್ರೆಂಚ್ ತಂಡ 405 ದಾಟಿಸಿತ್ತು, ಆದರೆ ಅವರ ಗುರಿಯೇ ಆ ಅಂಕೆ, ಓಟ ಮುಗಿಸುವುದಲ್ಲ. 1990ರಲ್ಲಿ ಆ ನೇರ ದಾರಿಗೆ ಎರಡು ಕಡೆ ಸೊಟ್ಟ ತಿರುವು ಹಾಕಿ ವೇಗಕ್ಕೆ ಕಡಿವಾಣ ತೊಡಿಸಿದರು.

ನಾಲ್ಕರಲ್ಲಿ ಮೈ ನಯವಾಗಿರುವುದು ಇದರದ್ದೇ. ಮೊದಲ ಸಲ ಉಳಿ ಹಿಡಿಯುವ ಮಕ್ಕಳಿಗೆ ಇದನ್ನೇ ಕೊಡಿ. ಒಂದು ಎಚ್ಚರಿಕೆ: ಬೆಳ್ಳಿ ಬಣ್ಣ ಯಾವ ತಪ್ಪನ್ನೂ ಮುಚ್ಚುವುದಿಲ್ಲ. ಪುಟ್ಟಿಯಲ್ಲಿ ಉಳಿದ ಒಂದು ಗೀರು ಕೂಡ ಬಿಸಿಲಿಗೆ ಎದ್ದು ಕಾಣುತ್ತದೆ. ಬಂಪರಿಗೆ ಬೆಳ್ಳಿ ಹೊಡೆಸಿಕೊಂಡು ಹೋದವರು ಎರಡೇ ದಿನಕ್ಕೆ ಮುಖ ಊದಿಸಿಕೊಂಡು ಮರಳಿ ಬರುವುದು ಇದೇ ಕಾರಣಕ್ಕೆ.

ಮಾಜ್ದಾ 787ಬಿ: ಕಡೆಯುವ ಕಲ್ಲಿನ ಎಂಜಿನ್

ಹುಡುಗಿಯ ಮನಸ್ಸು ಹೋದದ್ದು ಇದರ ಮೇಲೆ, ಮತ್ತು ಹೋದದ್ದು ಕಿವಿಯ ಮೂಲಕ. ಮೊಬೈಲಿನಲ್ಲಿ ಇದರ ಸದ್ದು ಹಾಕಿದರೆ ಶೆಡ್ಡಿನ ಗ್ರೈಂಡರ್ ನಾಚಿ ಸುಮ್ಮನಾಗಬೇಕು. ಇದರಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇಲ್ಲ. ಅಜ್ಜಿಯ ಕಾಲದ ಕಡೆಯುವ ಕಲ್ಲಿನ ಗುಂಡು ಕುಳಿಯ ಗೋಡೆಗೆ ಒತ್ತಿಕೊಂಡು ಸುತ್ತುತ್ತದಲ್ಲ, ಹಾಗೆ ಮೂರು ಮೂಲೆಯ ಒಂದು ಬಿಲ್ಲೆ ತನ್ನ ಕೋಣೆಯೊಳಗೆ ಓಲಾಡುತ್ತಾ ತಿರುಗುತ್ತದೆ. ಮೂರೂ ಮೂಲೆಗಳು ಸದಾ ಗೋಡೆಗೆ ತಾಗಿರುವುದರಿಂದ ನಡುವೆ ಮೂರು ಕೋಣೆಗಳು ಹಿಗ್ಗುತ್ತಾ ಕುಗ್ಗುತ್ತಾ ಇರುತ್ತವೆ. ಗಾಳಿ ಎಳೆಯುವುದು, ಒತ್ತುವುದು, ಉರಿಸುವುದು, ಹೊರಗಟ್ಟುವುದು ಎಲ್ಲ ಅಲ್ಲೇ. ಅಂಥ ನಾಲ್ಕು ಬಿಲ್ಲೆಗಳು, ಒಂದೊಂದಕ್ಕೂ ಮೂರು ಸ್ಪಾರ್ಕ್ ಪ್ಲಗ್. ಒಟ್ಟು 2.6 ಲೀಟರ್, ಟರ್ಬೊ ಇಲ್ಲ, ಓಟದಲ್ಲಿ ನಿಮಿಷಕ್ಕೆ 9,000 ಸುತ್ತಿಗೆ ಸುಮಾರು 700 ಅಶ್ವಶಕ್ತಿ.

1991ರಲ್ಲಿ ಹಳೆಯ ಗ್ರೂಪ್ ಸಿ ಕಾರುಗಳನ್ನು ಹೊರದಬ್ಬಲು ನಿಯಮ ಬದಲಾಗುತ್ತಿತ್ತು. ಜಾಗ್ವಾರ್, ಮರ್ಸಿಡಿಸ್, ಪೋರ್ಷೆಗಳಿಗೆ 1000 ಕಿಲೋ ತೂಕ ಕಡ್ಡಾಯವಾಯಿತು. ಮಾಜ್ದಾಕ್ಕೆ ಮಾತ್ರ 830 ಸಾಕೆಂದರು. ಅದು ಗೆದ್ದೀತೆಂದು ಯಾರಿಗೂ ಅನ್ನಿಸಿರಲಿಲ್ಲ. 19ನೆಯ ಸ್ಥಾನದಿಂದ ಹೊರಟ 55ನೆಯ ಅಂಕೆಯ ಕಾರು ಕೆಡದೆ ಓಡುತ್ತಲೇ ಹೋಯಿತು. ಮುಂದಿದ್ದ ಮರ್ಸಿಡಿಸ್ ಕೊನೆಯ ಗಂಟೆಗಳಲ್ಲಿ ಬಿಸಿಯೇರಿ ನಿಂತಿತು. ಫೋಲ್ಕರ್ ವೈಡ್ಲರ್, ಜಾನಿ ಹರ್ಬರ್ಟ್, ಬರ್ಟ್ರಾಂಡ್ ಗಾಶೋ 362 ಸುತ್ತು ಮುಗಿಸಿ ಗೆದ್ದರು. ಕೊನೆಯ ಪಾಳಿ ಓಡಿಸಿದ ಹರ್ಬರ್ಟ್ ನೀರಿಲ್ಲದೆ ಬಸವಳಿದು ಬಿದ್ದು, ಗೆಲುವಿನ ಕಟ್ಟೆ ಹತ್ತಲೂ ಆಗಲಿಲ್ಲ. ಜಪಾನಿನ ಕಂಪೆನಿಯೊಂದು ಲೆ ಮಾನ್ಸ್ ಗೆದ್ದದ್ದು ಅದೇ ಮೊದಲು. ಪಿಸ್ಟನ್ ಇಲ್ಲದ ಎಂಜಿನ್ ಗೆದ್ದದ್ದು ಅದೊಂದೇ.

ಕತೆಯ ಮಟ್ಟಿಗೆ ನಾಲ್ಕರಲ್ಲಿ ಇದನ್ನು ಮೀರಿಸುವ ಕಾರಿಲ್ಲ. ಆದರೆ ಈ ಕಾರಿನ ಕತೆ ಇರುವುದು ಎಂಜಿನ್ನಿನಲ್ಲಿ, ಹೊಟ್ಟೆಯಲ್ಲಲ್ಲ. ತಕ್ಕಡಿ ಬ್ಲೋವರ್ ಹಿಡಿದು ತೋರಿಸಲು ಹೊರಟವರು ಇದನ್ನು ಆರಿಸಿದರೆ, ಹೇಳುವ ಕತೆಯೇ ಒಂದು, ಆಡುವ ಮಾದರಿಯೇ ಇನ್ನೊಂದು ಎಂದಾಗುತ್ತದೆ. ಮಾಜ್ದಾವೇ ಬೇಕೆಂದರೆ ಇಡೀ ಕಾರು ಬಿಟ್ಟು ಆ ಬಿಲ್ಲೆ ಮತ್ತು ಕೋಣೆಯನ್ನು ದೊಡ್ಡದಾಗಿ ಕೆತ್ತಿ, ಹಿಡಿಕೆ ಹಾಕಿ ತಿರುಗಿಸಿ ತೋರಿಸಿ. ಅದೂ ಬಹಳ ಒಳ್ಳೆಯ ವರ್ಕಿಂಗ್ ಮಾಡೆಲ್.

ಬಣ್ಣದ ತಕರಾರು

ಇದನ್ನು ಮೊದಲೇ ಯೋಚಿಸಿ, ಕೊನೆಗೆ ಪೇಚಿಗೆ ಸಿಗಬೇಡಿ. ಪೋರ್ಷೆ ಕಂಪೆನಿಯ ಸ್ವಂತ ತಂಡದ ನೀಲಿ ಬಿಳಿ ಬಣ್ಣವೂ, ಜಾಗ್ವಾರ್‌ನ ನೇರಳೆ ಬಿಳಿಯೂ ಸಿಗರೇಟು ಕಂಪೆನಿಗಳವು. ಶಾಲೆಯ ಮಳಿಗೆಯಲ್ಲಿ ಆ ಹೆಸರು ಬರೆದು ಇಡುವ ಹಾಗಿಲ್ಲ. ಹೆಸರಿಲ್ಲದೆ ಬಣ್ಣ ಮಾತ್ರ ಬಳಿದರೆ ಏನೋ ಅರ್ಧ ಉಳಿದಂತೆ ಕಾಣುತ್ತದೆ. ಸೌಬರ್‌ಗೆ ಬೆಳ್ಳಿಯೊಂದೇ, ತಕರಾರಿಲ್ಲ. ಮಾಜ್ದಾದ ಕಿತ್ತಳೆ ಹಸಿರು ಒಂದು ಬಟ್ಟೆ ಕಂಪೆನಿಯದು. ಆದರೆ ಆ ವಜ್ರಾಕಾರದ ತುಂಡುಗಳಿಗೆ ಟೇಪು ಹಚ್ಚಿ ಒಂದೊಂದೇ ಬಣ್ಣ ಹೊಡೆಯಲು, ಯಕ್ಷಗಾನದ ಬಣ್ಣದ ವೇಷಕ್ಕೆ ಮುಖದಲ್ಲಿ ಚಿಟ್ಟಿಯ ಚುಕ್ಕಿ ಇಡುವವರ ತಾಳ್ಮೆ ಬೇಕು.

956ಕ್ಕೆ ಒಂದು ದಾರಿಯಿದೆ. ಯೋಸ್ಟ್ ಎಂಬ ಖಾಸಗಿ ತಂಡದ ಹಳದಿ ಕಾರು, ಅಂಕೆ 7, ಬಟ್ಟೆ ಕಂಪೆನಿಯ ಬಣ್ಣ. 1984ರಲ್ಲಿ ಪೋರ್ಷೆಯ ಸ್ವಂತ ತಂಡ ಬಾರದಿದ್ದಾಗ ಗೆದ್ದದ್ದು ಅದು. ಯಾರೂ ಇಲ್ಲದಾಗ ಗೆದ್ದದ್ದೇನು ಮಹಾ ಎಂದರು. 1985ರಲ್ಲಿ ಪೋರ್ಷೆಯವರು ಹೊಸ 962 ತಂದರು. ಪೆಟ್ರೋಲು ಕಡಿತವಾದ ವರ್ಷ ಅದು. ಯೋಸ್ಟ್‌ನವರು ಅದೇ ಹಳೆಯ ಕಾರನ್ನು, ಅದೇ ಗೂಡನ್ನು ಮತ್ತೆ ತಂದು, ಹನಿ ಹನಿ ಲೆಕ್ಕ ಹಾಕಿ ಓಡಿಸಿ, ಕಾರು ಮಾಡಿಕೊಟ್ಟವರನ್ನೇ ಸೋಲಿಸಿದರು. ಗ್ರೂಪ್ ಸಿ ನಿಯಮದ ತಿರುಳೆಲ್ಲ ಆ ಒಂದು ಓಟದಲ್ಲಿದೆ.

ಆದ್ದರಿಂದ ನನ್ನ ಮತ ಹಳದಿ 956ಕ್ಕೆ. ಹುಡುಗಿ ಪೂರ್ತಿ ಒಪ್ಪಿಲ್ಲ. "ಸದ್ದು ಬರುವುದಿಲ್ಲವಲ್ಲ ಮಾವ" ಎನ್ನುತ್ತಾಳೆ. ಮರ ಒಣಗಲು ಇನ್ನೂ ಎರಡು ವಾರ ಬೇಕು. ಅಷ್ಟರೊಳಗೆ ಅವಳು ಮನಸ್ಸು ಬದಲಿಸಿದರೂ ತುಂಡು ಕೊಯ್ಯಲು ಅಡ್ಡಿಯಿಲ್ಲ. 48 ಸೆಂಟಿಮೀಟರ್ ಉದ್ದ, 20 ಅಗಲ, 11 ದಪ್ಪ: ನಾಲ್ಕರಲ್ಲಿ ಯಾವುದಾದರೂ ಅದರಿಂದಲೇ ಹೊರಬರುತ್ತದೆ.